ಕೆಟ್ಟ ಪೆಟ್ರೋಲ್ ಮತ್ತು ಆಕ್ಸಿಜನ್ ಸೆನ್ಸರ್: ಹಿಡಿದಿರುವುದು ಮಸಿಯೋ, ವಿಷವೋ?

ಪ್ರಶ್ನೆ: ನನ್ನದು ಆರು ವರ್ಷದ ಪೆಟ್ರೋಲ್ ಕಾರು, ಓಡಿರುವುದು 68,000 ಕಿ.ಮೀ. ದೂರದ ಪ್ರಯಾಣದಲ್ಲಿ ಗೊತ್ತಿಲ್ಲದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದೆ. ಸುಮಾರು 200 ಕಿ.ಮೀ. ಆದಮೇಲೆ ಪಿಕಪ್ ಕುಗ್ಗಿತು, ಐಡಲ್‌ನಲ್ಲಿ ಗಾಡಿ ನಡುಗತೊಡಗಿತು, ಚೆಕ್ ಎಂಜಿನ್ ದೀಪ ಹತ್ತಿತು. ಸ್ಕ್ಯಾನರ್ ಹಾಕಿದಾಗ ಪಿ 0133 ಎಂಬ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಒಂದೇ ಟ್ಯಾಂಕ್ ಪೆಟ್ರೋಲಿನಿಂದ ಸೆನ್ಸರ್ ಹಾಳಾಗುವುದುಂಟೆ? ಬಿಚ್ಚಿ ತೊಳೆದರೆ ಸರಿಹೋಗುತ್ತದೆಯೇ?

ಉತ್ತರ: ಒಂದೇ ಟ್ಯಾಂಕಿನಿಂದ ಹಾಳಾಗುವುದುಂಟು. ಹಾಗೆಂದು ನಿಮ್ಮದು ಹಾಳಾಗಿಯೇ ಇದೆ ಎಂದು ಈಗಲೇ ಹೇಳಲಾಗದು. ಎಂಜಿನ್ನಿನ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆಯುವುದು ಈ ಸೆನ್ಸರಿನ ಕೆಲಸ. ಪೆಟ್ರೋಲಿನಿಂದ ಅದಕ್ಕೆ ಆಗುವ ತೊಂದರೆ ಎರಡು ಬಗೆ. ಒಂದು, ಮಸಿ ಹಿಡಿಯುವುದು. ಒಳ್ಳೆಯ ಪೆಟ್ರೋಲ್ ಬಿದ್ದು ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಬಹುಪಾಲು ತಾನಾಗಿಯೇ ಸುಟ್ಟುಹೋಗುತ್ತದೆ. ಇನ್ನೊಂದು, ಸಿಲಿಕಾನ್, ಸೀಸ, ಮ್ಯಾಂಗನೀಸ್‌ನಂಥವು ಸೆನ್ಸರಿನ ಮೈಗೆ ಕೂತು ಅದರ ಉಸಿರು ಕಟ್ಟುವುದು. ಅದಕ್ಕೆ ತೊಳೆಯುವ ಮದ್ದು ಯಾವುದೂ ಇಲ್ಲ. ಮೊದಲನೆಯದಕ್ಕೆ ಹೊಸ ಸೆನ್ಸರ್ ಹಾಕಿದರೆ ದುಡ್ಡು ದಂಡ. ಎರಡನೆಯದಕ್ಕೆ ಟ್ಯಾಂಕ್ ಖಾಲಿ ಮಾಡದೆ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಸೆನ್ಸರ್ ಬಿಚ್ಚುವ ಮುಂಚೆ ಇವೆರಡರಲ್ಲಿ ಯಾವುದು ಎಂದು ತಿಳಿಯುವುದೇ ಮುಖ್ಯ ಕೆಲಸ.

ಕೋಡ್ ಏನು ಹೇಳುತ್ತಿದೆ ಎಂಬುದನ್ನೂ ಸರಿಯಾಗಿ ಓದಬೇಕು. ಪಿ 0133 ಎಂದರೆ ಸೆನ್ಸರ್ ಸತ್ತಿದೆ ಎಂದಲ್ಲ. ಬ್ಯಾಂಕ್ 1, ಸೆನ್ಸರ್ 1, ಅಂದರೆ ಒಂದನೇ ಸಿಲಿಂಡರ್ ಇರುವ ಬದಿಯಲ್ಲಿ, ಹೊಗೆಯನ್ನು ಶುಚಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ ಕೂತಿರುವ ಸೆನ್ಸರ್, ನಿಧಾನವಾಗಿ ಸ್ಪಂದಿಸುತ್ತಿದೆ ಎಂದಷ್ಟೇ ಅದರ ಅರ್ಥ. ನಿಧಾನಕ್ಕೆ ಕಾರಣ ಸೆನ್ಸರಿನ ಮೇಲಿನ ಮಸಿ ಇರಬಹುದು, ಅದರ ಮುಂದಿನ ಪೈಪಿನ ಜೋಡಣೆಯಲ್ಲಿ ಗಾಳಿ ನುಸುಳುತ್ತಿರಬಹುದು, ಪೆಟ್ರೋಲೇ ಸರಿಯಾಗಿ ಉರಿಯದಿರಬಹುದು. ಕೋಡ್ ನೋಡಿ ಭಾಗ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಸೆನ್ಸರಿನ ಒಳಗೆ ನಡೆಯುವುದೇನು

ಬೆರಳ ತುದಿಯಷ್ಟು ದೊಡ್ಡ ಪಿಂಗಾಣಿಯ ಕುಪ್ಪಿಗೆಯನ್ನು ಕಲ್ಪಿಸಿಕೊಳ್ಳಿ. ಅದು ಜಿರ್ಕೋನಿಯಂ ಆಕ್ಸೈಡಿನಿಂದ ಆದದ್ದು. ಒಳಗೂ ಹೊರಗೂ ಪ್ಲಾಟಿನಂನ ಅತಿ ತೆಳುವಾದ ಲೇಪ. ಹೊರಮೈ ಎಂಜಿನ್ನಿನ ಹೊಗೆಗೆ ಒಡ್ಡಿಕೊಂಡಿದೆ, ಒಳಮೈ ಹೊರಗಿನ ಶುದ್ಧ ಗಾಳಿಗೆ. ಆ ಗಾಳಿಯಲ್ಲಿ ಶೇ. 20.9ರಷ್ಟು ಆಮ್ಲಜನಕ ಇರುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಪಿಂಗಾಣಿ ಆಮ್ಲಜನಕದ ಅಯಾನುಗಳನ್ನು ತನ್ನೊಳಗೆ ಹಾಯಲು ಬಿಡುತ್ತದೆ. ಎರಡೂ ಬದಿಯ ಆಮ್ಲಜನಕದಲ್ಲಿ ವ್ಯತ್ಯಾಸ ಹೆಚ್ಚಿದ್ದಷ್ಟೂ ವೋಲ್ಟೇಜ್ ಹೆಚ್ಚು. ಪೆಟ್ರೋಲ್ ಹೆಚ್ಚಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ 0.8ರಿಂದ 0.9 ವೋಲ್ಟ್. ಗಾಳಿ ಹೆಚ್ಚಾಗಿದ್ದರೆ 0.1ರ ಆಸುಪಾಸು. ಸರಿಯಾದ ಅನುಪಾತ, ಅಂದರೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಇದ್ದಾಗ, 0.45 ವೋಲ್ಟಿನ ಸುತ್ತ ಅದು ಸರಕ್ಕನೆ ಮೇಲೆ ಕೆಳಗೆ ಹಾರುತ್ತದೆ.

ಆ ‘ಸರಕ್ಕನೆ’ ಎಂಬುದರಲ್ಲೇ ಎಲ್ಲ ಇದೆ. ಹೊರಗಿನ ಪ್ಲಾಟಿನಂ ಬರೀ ವೈರಿನ ಕೆಲಸ ಮಾಡುವುದಿಲ್ಲ. ಹೊಗೆಯಲ್ಲಿ ಅರೆಬರೆ ಉಳಿದ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್‌ಗಳನ್ನು ಉಳಿದ ಆಮ್ಲಜನಕದ ಜೊತೆ ತನ್ನ ಮೈಮೇಲೇ ಉರಿಸಿ ಲೆಕ್ಕ ಚುಕ್ತಾ ಮಾಡುತ್ತದೆ. ಹಾಗೆ ಮಾಡುವುದರಿಂದಲೇ ವೋಲ್ಟೇಜ್ ಏರಿಳಿತ ಅಷ್ಟು ಚೂಪಾಗಿರುವುದು. ಪ್ಲಾಟಿನಂ ಮೇಲೆ ಬೇರೆ ಲೋಹ ಕೂತರೆ ಆ ಚೂಪು ಹೋಗುತ್ತದೆ. ಪ್ಲಾಟಿನಂನ ಮೇಲೆ ಮತ್ತೆ ಸಣ್ಣ ಸಣ್ಣ ರಂಧ್ರಗಳಿರುವ ಸ್ಪೈನಲ್ ಎಂಬ ಪಿಂಗಾಣಿ ಪದರ ಇದೆ, ಅದರ ಹೊರಗೆ ಸೀಳುಗಳಿರುವ ಉಕ್ಕಿನ ಟೋಪಿ. ಟೋಪಿಯ ಸೀಳು, ಪದರದ ರಂಧ್ರ, ಪ್ಲಾಟಿನಂನ ಮೈ: ಈ ಮೂರು ಕಡೆಯಲ್ಲಿ ಎಲ್ಲಾದರೂ ಪೆಟ್ರೋಲ್ ತಂದ ಕಸ ಕೂರಬಹುದು. ಸೀಳು ಕಟ್ಟಿದರೆ ಪತ್ತೆ ಸುಲಭ. ರಂಧ್ರ ಕಟ್ಟಿದರೆ ಕಣ್ಣಿಗೆ ಬೀಳುವುದು ಕಷ್ಟ, ಅಪಾಯ ಮಾತ್ರ ಅದರಲ್ಲೇ ಜಾಸ್ತಿ.

ಈಚಿನ ಅನೇಕ ಕಾರುಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಬಗೆಯದು, ಐದು ಅಥವಾ ಆರು ವೈರಿನದು. ಅದು ಕಂಡಿಯೊಂದರ ಮೂಲಕ ಆಮ್ಲಜನಕವನ್ನು ಪಂಪ್ ಮಾಡಿ, ಹರಿದ ಕರೆಂಟನ್ನು ಅಳೆಯುತ್ತದೆ. ಕಂಡಿ ಕಟ್ಟಿದಷ್ಟೂ ಕರೆಂಟ್ ಕುಗ್ಗುತ್ತದೆ, ಅಳತೆ ತಪ್ಪುತ್ತದೆ. ಕಾಯಿಲೆ ಒಂದೇ, ಲಕ್ಷಣ ಬೇರೆ. ನಿಮ್ಮದು ಯಾವ ಬಗೆಯೆಂದು ವೈರ್ ಎಣಿಸಿದರೆ ತಿಳಿಯುತ್ತದೆ. ನಾಲ್ಕು ಇದ್ದರೆ ಸಾಮಾನ್ಯವಾಗಿ ಹಳೆಯ ಬಗೆ, ಆದರೆ ನಾಲ್ಕು ವೈರಿನ ಕೆಲವು ಏರ್-ಫ್ಯೂಯಲ್ ಸೆನ್ಸರ್‌ಗಳೂ ಇವೆ. ಅನುಮಾನವಿದ್ದರೆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ.

ಮಸಿ ಹಿಡಿಸುವ ಪೆಟ್ರೋಲ್

ಪೆಟ್ರೋಲ್ ಸುಮಾರು 35 ಡಿಗ್ರಿಯಿಂದ ಕುದಿಯಲು ತೊಡಗಿ 210 ಡಿಗ್ರಿಯೊಳಗೆ ಪೂರ್ತಿ ಆವಿಯಾಗುತ್ತದೆ. ಸೀಮೆಎಣ್ಣೆ ಆವಿಯಾಗುವುದು ಸುಮಾರು 150ರಿಂದ 300 ಡಿಗ್ರಿಯವರೆಗೆ. ಕಲಬೆರಕೆ ಪೆಟ್ರೋಲಿನಲ್ಲಿ ಈ ಭಾರದ ಭಾಗ ಸಿಲಿಂಡರಿನಲ್ಲಿ ಆವಿಯಾಗದೆ ಹನಿಯಾಗಿಯೇ ಉಳಿಯುತ್ತದೆ, ಅರ್ಧಂಬರ್ಧ ಉರಿದು ಮಸಿಯಾಗುತ್ತದೆ. ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಜೊತೆಗೆ ಆಕ್ಟೇನ್ ಕಡಿಮೆಯಾಗಿ ಎಂಜಿನ್ ಕುಟ್ಟುತ್ತದೆ, ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಗ್ನಿಷನ್ ಸಮಯವನ್ನು ಹಿಂದಕ್ಕೆ ಎಳೆಯುತ್ತದೆ, ಪಿಕಪ್ ಹೋಗುತ್ತದೆ. ನೀವು ಹೇಳಿದ ಲಕ್ಷಣಗಳಲ್ಲಿ ಪಿಕಪ್ ಕುಗ್ಗಿದ್ದು ಮತ್ತು ಐಡಲ್ ನಡುಗಿದ್ದು ಇಲ್ಲಿಗೆ ಹೊಂದುತ್ತವೆ.

ಬಂಕಿನ ಟ್ಯಾಂಕಿನಲ್ಲೋ ಟ್ಯಾಂಕರಿನಲ್ಲೋ ಡೀಸೆಲ್ ಬೆರೆತರೂ ಇದೇ ಕತೆ, ಹೊಗೆ ಇನ್ನೂ ಹೆಚ್ಚು.

ಇಲ್ಲಿ ಮಿಸ್ ಫೈರ್ ಮಾಡುವ ಮೋಸವೊಂದಿದೆ. ಬಹಳ ಮಂದಿ ಮೆಕ್ಯಾನಿಕ್‌ಗಳೂ ಇದಕ್ಕೆ ಬೀಳುತ್ತಾರೆ. ಆಕ್ಸಿಜನ್ ಸೆನ್ಸರಿಗೆ ಪೆಟ್ರೋಲ್ ಕಾಣುವುದಿಲ್ಲ, ಆಮ್ಲಜನಕ ಮಾತ್ರ ಕಾಣುತ್ತದೆ. ಒಂದು ಸಿಲಿಂಡರ್ ಉರಿಯದೆ ಹೋದರೆ ಅದರ ಪೆಟ್ರೋಲೂ ಗಾಳಿಯೂ ಹಾಗೆಹಾಗೇ ಹೊರಬರುತ್ತವೆ. ಆ ಗಾಳಿಯ ಆಮ್ಲಜನಕವನ್ನು ಕಂಡ ಸೆನ್ಸರ್ ‘ಪೆಟ್ರೋಲ್ ಸಾಲದು’ ಎನ್ನುತ್ತದೆ. ಇಸಿಯು ಅದನ್ನು ನಂಬಿ ಎಲ್ಲ ಸಿಲಿಂಡರುಗಳಿಗೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಚೆನ್ನಾಗಿ ಉರಿಯುತ್ತಿದ್ದ ಸಿಲಿಂಡರುಗಳೂ ಈಗ ಮಸಿ ಉಗುಳತೊಡಗುತ್ತವೆ. ಸೆನ್ಸರ್ ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿತು. ಕೊನೆಗೆ ಮಸಿ ಮೆತ್ತಿಕೊಂಡದ್ದು ಅದಕ್ಕೇ.

ಪೆಟ್ರೋಲಿನಲ್ಲಿ ನೀರು ಇದ್ದರೂ ಮಿಸ್ ಫೈರ್ ಆಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಶೇ. 10 ಎಥನಾಲ್ ಇದ್ದರೆ ಸುಮಾರು 15 ಡಿಗ್ರಿ ಉಷ್ಣತೆಯಲ್ಲಿ ಅರ್ಧ ಶೇಕಡಾದಷ್ಟು. ಅದು ಮೀರಿದರೆ ನೀರೂ ಎಥನಾಲೂ ಕೂಡಿ ತಳಕ್ಕಿಳಿಯುತ್ತವೆ, ಪಂಪ್ ಹೀರುವುದೂ ತಳದಿಂದಲೇ. ನೀರು ಸೆನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ, ಮಿಸ್ ಫೈರ್ ಕನ್ವರ್ಟರನ್ನು ಕೊಲ್ಲುತ್ತದೆ. ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದರೆ ಕನ್ವರ್ಟರಿನ ಒಳಗಿನ ಜೇನುಗೂಡಿನಂಥ ಭಾಗ ಕರಗುವಷ್ಟು ಬಿಸಿಯಾಗುತ್ತದೆ. ಚೆಕ್ ಎಂಜಿನ್ ದೀಪ ಸುಮ್ಮನೆ ಹತ್ತಿಕೊಂಡಿರದೆ ಮಿನುಗುತ್ತಿದ್ದರೆ ಇಸಿಯು ಇದನ್ನೇ ಹೇಳುತ್ತಿರುವುದು. ಆಗ ಗಾಡಿ ಓಡಿಸಬೇಡಿ.

ವಿಷವಾಗುವ ಪೆಟ್ರೋಲ್

ಇವುಗಳಲ್ಲಿ ಅತಿ ಕೆಟ್ಟದ್ದು ಸಿಲಿಕಾನ್. ಕೈಗಾರಿಕೆಗಳ ಬಳಸಿದ ಸಾಲ್ವೆಂಟುಗಳು, ನೊರೆ ತಡೆಯಲು ಹಾಕುವ ಸಿಲಿಕೋನ್ ದ್ರವಗಳು ಹೇಗೋ ಪೆಟ್ರೋಲಿಗೆ ಸೇರಿದರೆ ಅದು ಬರುತ್ತದೆ. ಸಿಲಿಂಡರಿನಲ್ಲಿ ಉರಿದು ಸಿಲಿಕಾ ಆಗುತ್ತದೆ, ಅಂದರೆ ಅತಿ ನುಣ್ಣನೆಯ ಗಾಜಿನ ಪುಡಿ. ಆ ಪುಡಿ ಸ್ಪೈನಲ್ ಪದರದ ರಂಧ್ರಗಳಲ್ಲಿ ಕೂತು ಮುಚ್ಚುತ್ತದೆ. ಮಸಿಯಾದರೆ ಉರಿಯುತ್ತದೆ, ಗಾಜು ಉರಿಯುವುದೆಲ್ಲಿ?

ಎಷ್ಟು ಸಾಕು ಎಂದು ಒಂದು ಲೆಕ್ಕ ಹಾಕಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರು 1,000 ಕಿ.ಮೀ.ಗೆ ಸುಮಾರು 67 ಲೀಟರ್, ತೂಕದಲ್ಲಿ 50 ಕೆ.ಜಿ. ಪೆಟ್ರೋಲ್ ಸುಡುತ್ತದೆ. ಅದರಲ್ಲಿ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ ಸಿಲಿಕಾನ್ ಇದ್ದರೂ ಅರ್ಧ ಗ್ರಾಂ ಆಯಿತು. ಉರಿದು ಸಿಲಿಕಾ ಆದಾಗ ಅದು ಒಂದು ಗ್ರಾಂಗೂ ತುಸು ಹೆಚ್ಚು. ಬಹುಪಾಲು ಹೊಗೆಯ ಜೊತೆ ಹೊರಟುಹೋಗುತ್ತದೆ ಅಥವಾ ಕನ್ವರ್ಟರಿನಲ್ಲಿ ಕೂರುತ್ತದೆ. ಆದರೆ ಬೆರಳ ತುದಿಯಷ್ಟಿರುವ ಪಿಂಗಾಣಿಯ ರಂಧ್ರ ಮುಚ್ಚಲು ಎಷ್ಟು ಮಿಲಿಗ್ರಾಂ ಬೇಕು? ಪೆಟ್ರೋಲಿನ ಬಣ್ಣ, ವಾಸನೆ, ಸಾಂದ್ರತೆ ಎಲ್ಲ ಸರಿಯಾಗಿಯೇ ಇದ್ದು ಸೆನ್ಸರ್ ಸಾಯುವುದು ಹೀಗೆ.

2007ರ ಫೆಬ್ರುವರಿ ಕೊನೆಯಲ್ಲಿ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಹೀಗೇ ಆಯಿತು. ಸಾವಿರಾರು ಕಾರುಗಳು ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡು ಗ್ಯಾರೇಜ್ ಸೇರಿದವು, ಗ್ಯಾರೇಜುಗಳಲ್ಲಿ ಆಕ್ಸಿಜನ್ ಸೆನ್ಸರ್ ಸಿಗದಂತಾಯಿತು. ಮೊದಲು ಮಾಡಿದ ಮಾಮೂಲಿ ಪರೀಕ್ಷೆಗಳಲ್ಲಿ ಪೆಟ್ರೋಲಿನಲ್ಲಿ ದೋಷ ಕಾಣಲಿಲ್ಲ. ಆ ಪರೀಕ್ಷೆಗಳ ಪಟ್ಟಿಯಲ್ಲಿ ಸಿಲಿಕಾನ್ ಇರಲೇ ಇಲ್ಲ. ಬೇರೆಯಾಗಿ ಹುಡುಕಿದ ಮೇಲೆ ಸಿಕ್ಕಿತು. ‘ಪೆಟ್ರೋಲ್ ಪರೀಕ್ಷೆಯಲ್ಲಿ ಪಾಸಾಗಿದೆ’ ಎಂದು ಯಾರಾದರೂ ಹೇಳಿದರೆ ಯಾವ ಪರೀಕ್ಷೆ ಎಂದು ಕೇಳಬೇಕಾದದ್ದು ಇದಕ್ಕೇ.

ಸಿಲಿಕಾನ್ ಪೆಟ್ರೋಲಿನಿಂದಲೇ ಬರಬೇಕೆಂದಿಲ್ಲ. ಎಂಜಿನ್ ಬಿಚ್ಚಿ ಕೂರಿಸುವಾಗ ಗ್ಯಾಸ್ಕೆಟ್ ಜಾಗದಲ್ಲಿ ಸಿಕ್ಕಸಿಕ್ಕ ಸಿಲಿಕೋನ್ ಗಮ್ ಹಚ್ಚಿದ್ದರೆ ಅದು ಒಣಗುವಾಗ ಹೊರಡುವ ಆವಿಯನ್ನು ಪಿಸಿವಿ ವಾಲ್ವ್ (ಆಯಿಲ್ ಇರುವ ಜಾಗದ ಆವಿಯನ್ನು ಮರಳಿ ಸಿಲಿಂಡರಿಗೆ ಬಿಡುವ ವಾಲ್ವ್) ಹೀರಿ ಎಂಜಿನ್ನಿಗೆ ಕಳಿಸುತ್ತದೆ. ಕಳೆದ ಕೆಲವು ತಿಂಗಳಲ್ಲಿ ಆಯಿಲ್ ಪ್ಯಾನ್, ವಾಲ್ವ್ ಕವರ್ ಬಿಚ್ಚಿದ್ದೀರಾ? ಬಿಚ್ಚಿದ್ದರೆ ಬಂಕಿನ ಮೇಲೆ ತಪ್ಪು ಹೊರಿಸುವ ಮುಂಚೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ಯಾಕೆಟ್ಟಿನ ಮೇಲೆ ‘ಸೆನ್ಸರ್ ಸೇಫ್’ ಎಂದು ಬರೆದಿರುವ ಗಮ್ ಮಾತ್ರ ಬಳಸಬೇಕು.

ಸೀಸದ ಕತೆ ಹಳೆಯದು. ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ. ಅಲ್ಲಿ ಅದು 2021ರಲ್ಲಿ ನಿಂತಿತು. ಆದರೆ ಸಣ್ಣ ವಿಮಾನಗಳ 100 ಎಲ್‌ಎಲ್ ಪೆಟ್ರೋಲಿನಲ್ಲಿ, ಕೆಲವು ರೇಸಿಂಗ್ ಇಂಧನಗಳಲ್ಲಿ ಸೀಸ ಈಗಲೂ ಇದೆ. ಆಕ್ಟೇನ್ ಹೆಚ್ಚೆಂಬ ಆಸೆಗೆ ಅದನ್ನು ಕಾರಿಗೆ ಹಾಕುವವರಿದ್ದಾರೆ. ಸೀಸ ಪ್ಲಾಟಿನಂನ ಮೇಲೇ ಕೂರುತ್ತದೆ, ಸೆನ್ಸರನ್ನೂ ಕನ್ವರ್ಟರನ್ನೂ ಒಟ್ಟಿಗೆ ಕೆಡಿಸುತ್ತದೆ.

ಆಕ್ಟೇನ್ ಹೆಚ್ಚಿಸುವ ಬಾಟಲಿಗಳ ಬಗ್ಗೆಯೂ ಒಂದು ಮಾತು. ಕೆಲವದರಲ್ಲಿ ಮ್ಯಾಂಗನೀಸ್ ಇರುವ ಎಂಎಂಟಿ, ಇನ್ನು ಕೆಲವದರಲ್ಲಿ ಕಬ್ಬಿಣ ಇರುವ ಫೆರೋಸೀನ್ ಇರುತ್ತದೆ. ಎರಡೂ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಇಟ್ಟಿಗೆ ಬಣ್ಣದ ಪುಡಿ ಬಿಡುತ್ತವೆ. ಪ್ಲಗ್ಗಿನಲ್ಲಿ ಕಂಡ ಪುಡಿ ಸೆನ್ಸರಿನ ಟೋಪಿಯಲ್ಲೂ ಇರುತ್ತದೆ. ನೀವು ‘ಪವರ್ ಹೆಚ್ಚಿಸುವ’ ಬಾಟಲಿ ಯಾವುದನ್ನಾದರೂ ಸುರಿದಿದ್ದರೆ ಅದರ ಲೇಬಲ್ ಓದಿ ನೋಡಿ.

ಗಂಧಕ ಸೆನ್ಸರಿಗಿಂತ ಕನ್ವರ್ಟರಿಗೆ ಹೆಚ್ಚು ತೊಂದರೆ, ಅದೂ ಬಹುಮಟ್ಟಿಗೆ ತಾತ್ಕಾಲಿಕ. ಅದನ್ನು ಇಲ್ಲಿಗೆ ಬಿಡೋಣ.

ಎಥನಾಲ್ ಹೆಚ್ಚಾದರೆ?

ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ ಇದ್ದುದರಿಂದ ಸೆನ್ಸರ್ ಹೋಯಿತು ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅದು ತಪ್ಪು ಲೆಕ್ಕ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ತೂಕದಲ್ಲಿ ಸುಮಾರು 9 ಭಾಗ. ಶೇ. 10 ಬೆರೆತಾಗ ಸರಿಯಾದ ಅನುಪಾತ 14.7ರಿಂದ ಸುಮಾರು 14.1ಕ್ಕೆ, ಶೇ. 20 ಬೆರೆತಾಗ 13.5ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಶೇ. 4ರಷ್ಟು ಅಥವಾ ಶೇ. 9ರಷ್ಟು ಹೆಚ್ಚು ಇಂಧನ ಬೇಕು. ಸೆನ್ಸರ್ ಅದನ್ನು ಕಂಡುಹಿಡಿದು ಇಸಿಯುಗೆ ಹೇಳುತ್ತದೆ, ಇಸಿಯು ಕೊಡುತ್ತದೆ. ಶುದ್ಧ ಪೆಟ್ರೋಲಿನಿಂದ ಶೇ. 20ರ ಮಿಶ್ರಣಕ್ಕೆ ಹೋದಾಗ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿದೆ ಎಂಬ ಅಂಕಿ) +8, +9 ತೋರಿಸಿದರೆ ಗಾಬರಿ ಬೀಳಬೇಡಿ. ಸೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳ ಪ್ರಶ್ನೆ ಬೇರೆ.

ಬಿಚ್ಚುವ ಮುಂಚೆ ಮಾಡಬೇಕಾದ್ದು

ಮೊದಲು ಕೋಡ್ ಅಳಿಸಬೇಡಿ. ಅದರ ಜೊತೆಗಿರುವ ಫ್ರೀಜ್ ಫ್ರೇಮ್, ಅಂದರೆ ಕೋಡ್ ಬಿದ್ದ ಗಳಿಗೆಯ ಮಾಹಿತಿ ಬರೆದಿಟ್ಟುಕೊಳ್ಳಿ: ಎಷ್ಟು ಆರ್‌ಪಿಎಂ, ಎಂಜಿನ್ ಎಷ್ಟು ಬಿಸಿ, ಟ್ರಿಮ್ ಎಷ್ಟಿತ್ತು. ಶಾರ್ಟ್ ಮತ್ತು ಲಾಂಗ್ ಟರ್ಮ್ ಟ್ರಿಮ್ ಕೂಡಿಸಿದಾಗ ±10ರ ಒಳಗಿದ್ದರೆ ಸಾಮಾನ್ಯ. +25ರ ಹತ್ತಿರ ಇದ್ದರೆ ಎಲ್ಲಿಂದಲೋ ಲೆಕ್ಕಕ್ಕಿಲ್ಲದ ಗಾಳಿ ಬರುತ್ತಿದೆ, ಇಲ್ಲವೇ ಮಿಸ್ ಫೈರ್ ಇದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ.

ಆಮೇಲೆ ಪೆಟ್ರೋಲಿನ ಮಾದರಿ. ಬಯಲಲ್ಲಿ, ಎಂಜಿನ್ ತಣ್ಣಗಿರುವಾಗ, ಹತ್ತಿರ ಬೆಂಕಿ ಕಿಡಿ ಯಾವುದೂ ಇಲ್ಲದ ಕಡೆ ಈ ಕೆಲಸ. ಹೊಸ ಕಾರುಗಳ ಟ್ಯಾಂಕಿಗೆ ಪೈಪ್ ಇಳಿಯುವುದಿಲ್ಲ, ಎಂಜಿನ್ ಬಳಿಯ ಫ್ಯೂಯಲ್ ಲೈನ್ ಬಿಚ್ಚಿ ತೆಗೆಯಬೇಕಾಗುತ್ತದೆ. ಅಲ್ಲಿ 3–4 ಬಾರ್ ಒತ್ತಡ ಇರುತ್ತದೆ, ಕಣ್ಣಿಗೆ ಹಾರಿದರೆ ಅನಾಹುತ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಅದು ಆರಿದ ಮೇಲೆ ಬಿಚ್ಚಿ. ಇದನ್ನು ಮೆಕ್ಯಾನಿಕ್‌ಗೇ ಬಿಡುವುದು ಲೇಸು. ಒಂದು ಲೀಟರ್ ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಅಥವಾ ಮಬ್ಬು ಕಂಡರೆ ನೀರು.

ಬಿಳಿ ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಡಿ. ಒಳ್ಳೆಯ ಪೆಟ್ರೋಲ್ ಎರಡು ಮೂರು ನಿಮಿಷದಲ್ಲಿ ಆರಿ, ಹೆಚ್ಚೆಂದರೆ ಬಣ್ಣದ ತೆಳು ಉಂಗುರ ಬಿಡುತ್ತದೆ. ಬೆಳಕಿಗೆ ಹಿಡಿದಾಗ ಎಣ್ಣೆಯ ಕಲೆ ಕಂಡರೆ ಸೀಮೆಎಣ್ಣೆ ಅಥವಾ ಡೀಸೆಲ್. 100 ಮಿ.ಲೀ.ನ ಅಳತೆ ಜಾಡಿಯಲ್ಲಿ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಮುಚ್ಚಿ ಕುಲುಕಿ ಇಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 19ರ ಹತ್ತಿರ ನಿಂತರೆ ಶೇ. 10, 28ರ ಹತ್ತಿರ ನಿಂತರೆ ಶೇ. 20. ಸಾಂದ್ರತೆ ಅಳೆಯುವುದಾದರೆ 15 ಡಿಗ್ರಿಗೆ ಸರಿಪಡಿಸಿದ ಅಂಕಿ ಸಾಮಾನ್ಯವಾಗಿ ಲೀಟರಿಗೆ 0.720ರಿಂದ 0.775 ಕೆ.ಜಿ. ನಡುವೆ ಇರಬೇಕು. ಆದರೆ ಭಾರದ ಸೀಮೆಎಣ್ಣೆಗೆ ಹಗುರ ಸಾಲ್ವೆಂಟ್ ಸೇರಿಸಿ ಸಾಂದ್ರತೆ ಸರಿತೂಗಿಸುವ ಕಲೆ ಕಲಬೆರಕೆ ಮಾಡುವವರಿಗೆ ಗೊತ್ತು. ಸಾಂದ್ರತೆ ಸರಿ ಇದ್ದ ಮಾತ್ರಕ್ಕೆ ಪೆಟ್ರೋಲ್ ಸರಿ ಎಂದಲ್ಲ. ಸಿಲಿಕಾನ್, ಸೀಸಗಳಂತೂ ಈ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಅವನ್ನು ಹುಡುಕಲು ಪ್ರಯೋಗಾಲಯದಲ್ಲಿ ಐಸಿಪಿ ಎಂಬ ಧಾತು ವಿಶ್ಲೇಷಣೆ ಮಾಡಿಸಬೇಕು. ಉಳಿದ ಮಾದರಿಯನ್ನೂ ಬಂಕಿನ ಬಿಲ್ಲನ್ನೂ ಜೋಪಾನವಾಗಿಡಿ.

ಈಗ ಸ್ಪಾರ್ಕ್ ಪ್ಲಗ್‌ಗಳು. ಖರ್ಚಿಲ್ಲದೆ ಅತಿ ಹೆಚ್ಚು ಸತ್ಯ ಹೇಳುವ ಪರೀಕ್ಷೆ ಇದು, ಆದರೂ ಯಾರೂ ಮಾಡುವುದಿಲ್ಲ. ನಾಲ್ಕನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು ಸಾಲಾಗಿ ಇಡಿ. ಪೆಟ್ರೋಲ್ ಎಲ್ಲ ಸಿಲಿಂಡರಿಗೂ ಒಂದೇ. ತೊಂದರೆ ಪೆಟ್ರೋಲಿನದಾದರೆ ನಾಲ್ಕೂ ಪ್ಲಗ್ಗಿನಲ್ಲಿ ಒಂದೇ ಬಣ್ಣ ಇರಬೇಕು. ನಾಲ್ಕೂ ಒಣ ಮಸಿಯಿಂದ ಕಪ್ಪಾಗಿದ್ದರೆ ಅರೆಬರೆ ಉರಿದದ್ದು. ನಾಲ್ಕೂ ಇಟ್ಟಿಗೆ ಬಣ್ಣವಾದರೆ ಮ್ಯಾಂಗನೀಸ್ ಅಥವಾ ಕಬ್ಬಿಣ. ಮೂರು ಚೆನ್ನಾಗಿದ್ದು ಒಂದೇ ಕಪ್ಪಾಗಿ ಜಿಡ್ಡಾಗಿದ್ದರೆ ಆ ಸಿಲಿಂಡರಿನಲ್ಲಿ ಆಯಿಲ್ ಹತ್ತುತ್ತಿದೆ. ಒಂದೇ ಪ್ಲಗ್ ಬಿಳಿಯಾಗಿ ತೊಳೆದ ಹಾಗಿದ್ದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಕೂಲೆಂಟಿನಲ್ಲಿರುವ ಸಿಲಿಕೇಟು, ಆಯಿಲಿನಲ್ಲಿರುವ ರಂಜಕ ಮತ್ತು ಸತು ಕೂಡ ಸೆನ್ಸರನ್ನು ಕೆಡಿಸುತ್ತವೆ. ಅದರಲ್ಲಿ ಬಂಕಿನವರ ಪಾತ್ರವಿಲ್ಲ.

ಸೆನ್ಸರಿನ ಪರೀಕ್ಷೆ ಗಾಡಿ ಓಡುತ್ತಿರುವಾಗಲೇ ಆಗಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು ಸ್ಕ್ಯಾನರಿನಲ್ಲಿ ವೋಲ್ಟೇಜ್ ನೋಡಿ. ನಾಲ್ಕು ವೈರಿನ ಹಳೆಯ ಬಗೆಯದಾದರೆ 0.1ಕ್ಕೂ 0.9ಕ್ಕೂ ನಡುವೆ ಹತ್ತು ಸೆಕೆಂಡಿಗೆ ಎಂಟು ಸಲಕ್ಕಾದರೂ ಆಡಬೇಕು. 0.3–0.6ರ ನಡುವೆ ಸೋಮಾರಿಯಾಗಿ ತೂಗುತ್ತಿದ್ದರೆ ಮುಖ ಕಟ್ಟಿದೆ. ಬ್ಲೂಟೂತ್ ಸ್ಕ್ಯಾನರ್ ಬಳಸುವವರಿಗೆ ಎಚ್ಚರಿಕೆ: ಹತ್ತು ಅಂಕಿಗಳನ್ನು ಒಟ್ಟಿಗೆ ತೆರೆದರೆ ಪ್ರತಿಯೊಂದೂ ಸೆಕೆಂಡಿಗೆ ಒಂದು ಸಲವೂ ಹೊಸದಾಗುವುದಿಲ್ಲ, ಒಳ್ಳೆಯ ಸೆನ್ಸರೂ ನಿಧಾನವೆಂದೇ ಕಾಣುತ್ತದೆ. ಆ ಒಂದೇ ಅಂಕಿಯನ್ನು ತೆರೆದು ನೋಡಿ.

ಇನ್ನೊಂದು ಪರೀಕ್ಷೆ ಖಾಲಿ ರಸ್ತೆಯಲ್ಲಿ. ಪಕ್ಕದಲ್ಲಿ ಕೂತವರ ಕೈಗೆ ಸ್ಕ್ಯಾನರ್ ಕೊಡಿ, ನೀವು ಓಡಿಸಿ. ಮೂರನೇ ಗೇರಿನಲ್ಲಿ 3,000 ಆರ್‌ಪಿಎಂ ಬಂದಾಗ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆಯಿರಿ. ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಸೆನ್ಸರಿನ ಮುಂದೆ ಬರೀ ಗಾಳಿ ಹಾಯುತ್ತದೆ. ವೋಲ್ಟೇಜ್ ಕೂಡಲೇ 0.1ರ ಕೆಳಗೆ ಬೀಳಬೇಕು. ಮತ್ತೆ ಪೂರ್ತಿ ಒತ್ತಿದಾಗ 0.8 ದಾಟಬೇಕು. ಬೀಳಲು ಏಳಲು ಎರಡು ಮೂರು ಸೆಕೆಂಡು ತೆಗೆದುಕೊಂಡರೆ ಅಥವಾ ತುದಿ ಮುಟ್ಟದಿದ್ದರೆ ದೂರು ನಿಜ. ವೈಡ್‌ಬ್ಯಾಂಡ್ ಸೆನ್ಸರಿಗೆ ಮಲ್ಟಿಮೀಟರ್ ಹಿಡಿಯಬೇಡಿ. ಸ್ಕ್ಯಾನರಿನಲ್ಲಿ ಲ್ಯಾಂಬ್ಡಾ ಅಂಕಿ (ಗಾಳಿ-ಪೆಟ್ರೋಲ್ ಅನುಪಾತ ಸರಿಯಿದ್ದರೆ ಇದು 1) ಸಮ ವೇಗದಲ್ಲಿ 1.00ರ ಸುತ್ತ ಇದ್ದು, ಕಾಲು ತೆಗೆದಾಗ ಥಟ್ಟನೆ ಮೇಲೇರಬೇಕು.

ಸೆನ್ಸರನ್ನು ಬಿಸಿಮಾಡಲು ಅದರೊಳಗಿರುವ ಹೀಟರ್ ಹೋಗಿದ್ದರೆ ಸಾಮಾನ್ಯವಾಗಿ ಪಿ 0135 ಬರುತ್ತದೆ. ಅದು ಪೆಟ್ರೋಲಿನ ತಪ್ಪಲ್ಲ. ಕನೆಕ್ಟರ್ ಬಿಚ್ಚಿ, ಒಂದೇ ಬಣ್ಣದ ಎರಡು ವೈರ್‌ಗಳ ನಡುವೆ ತಣ್ಣಗಿರುವಾಗ ಅಳೆದರೆ ಬಹುತೇಕ ಸೆನ್ಸರುಗಳಲ್ಲಿ 2ರಿಂದ 15 ಓಮ್ ಒಳಗೆ ಬರುತ್ತದೆ. ಪೈಪಿನ ಜೋಡಣೆಯಲ್ಲಿ ಸೋರಿಕೆ ಇದೆಯೇ, ಮಸಿಯ ಗೆರೆ ಕಾಣುತ್ತದೆಯೇ ಎಂದೂ ನೋಡಿಬಿಡಿ.

ಮಸಿಯಾದರೆ, ವಿಷವಾದರೆ

ಪೇಪರಿನಲ್ಲಿ ಎಣ್ಣೆ ಕಲೆ, ನಾಲ್ಕೂ ಪ್ಲಗ್ ಕಪ್ಪು, ಸೆನ್ಸರ್ ನಿಧಾನ: ಇಷ್ಟು ಕಂಡರೆ ಮಸಿ ಎಂದೇ ತಿಳಿದು ಮುಂದುವರಿಯಿರಿ. ಉಳಿದ ಪೆಟ್ರೋಲ್ ತೆಗೆಸಿ, ಹೊರಗೆ ಬದಲಿಸಲು ಬರುವ ಫ್ಯೂಯಲ್ ಫಿಲ್ಟರ್ ಇದ್ದರೆ ಬದಲಿಸಿ, ಪ್ಲಗ್ ಶುಚಿ ಮಾಡಿ ಅಥವಾ ಹೊಸದು ಹಾಕಿ. ಟ್ಯಾಂಕಿನಲ್ಲಿ ಕಾಲು ಭಾಗ ಮಾತ್ರ ಉಳಿದಿದ್ದು ಮಿಸ್ ಫೈರ್ ಇಲ್ಲದಿದ್ದರೆ ಮುಕ್ಕಾಲು ಭಾಗ ಒಳ್ಳೆಯ ಪೆಟ್ರೋಲ್ ತುಂಬಿಸಿ ತೆಳುಮಾಡಿದರೂ ನಡೆಯುತ್ತದೆ. ಆಮೇಲೆ ಕೋಡ್ ಅಳಿಸಿ, ಹೆದ್ದಾರಿಯಲ್ಲಿ ಒಂದು ಗೇರ್ ಕೆಳಗೆ ಇಟ್ಟು 3,000 ಆರ್‌ಪಿಎಂ ಆಸುಪಾಸಿನಲ್ಲಿ ಅರ್ಧ ಗಂಟೆ ಬಿಡದೆ ಓಡಿಸಿ. ಮಸಿ ಉರಿಯಲು 600 ಡಿಗ್ರಿಯಷ್ಟು ಬಿಸಿ ಬೇಕು. ಊರೊಳಗೆ ನಿಂತು ನಿಂತು ಓಡಿಸಿದರೆ ಅಷ್ಟು ಬಾರದು. ಎಂಜಿನ್ ಆಯಿಲ್ ಕಡ್ಡಿಯನ್ನೂ ಮೂಸಿ ನೋಡಿ. ಪೆಟ್ರೋಲ್ ಅಥವಾ ಸೀಮೆಎಣ್ಣೆ ವಾಸನೆ ಇದ್ದರೆ, ಮಟ್ಟ ಏರಿದ್ದರೆ, ಆಯಿಲನ್ನೂ ಬದಲಿಸಬೇಕು. ಎರಡು ಟ್ಯಾಂಕ್ ಒಳ್ಳೆಯ ಪೆಟ್ರೋಲ್ ಮುಗಿದ ಮೇಲೂ ಪಿ 0133 ಮರಳಿ ಬಂದರೆ ಆಗ ಸೆನ್ಸರ್ ಬಿಚ್ಚಿ.

ಬಿಚ್ಚಿದಾಗ ಟೋಪಿಯ ತುದಿ ನೋಡಿ. ಮೃದು ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಉರಿದದ್ದು. ಮುಟ್ಟಿದರೆ ಮರಳಿನಂತಿರುವ, ಬೆಳಕಿಗೆ ಮಿನುಗುವ ಬಿಳಿ ಪುಡಿ ಸಿಲಿಕಾ. ಹೊಳೆಯುವ ಬೂದು ಬಣ್ಣ ಸೀಸದ್ದು. ಬಿಳಿ ಅಥವಾ ತೆಳು ಹಸಿರು ಹರಳು ಹರಳಾಗಿದ್ದರೆ ಕೂಲೆಂಟ್. ಇಟ್ಟಿಗೆ ಬಣ್ಣದ್ದು ಆಗಲೇ ಹೇಳಿದ್ದು. ಬಣ್ಣ ಒಂದನ್ನೇ ನಂಬಿ ತೀರ್ಮಾನಿಸಬೇಡಿ, ಪ್ಲಗ್ ಹೇಳಿದ್ದಕ್ಕೆ ತಾಳೆ ಹಾಕಿ. ಕನ್ವರ್ಟರಿನ ಹಿಂದಿರುವ ಎರಡನೇ ಸೆನ್ಸರನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಳ್ಳೆಯದು. ಪೆಟ್ರೋಲಿನ ವಿಷ ಮೊದಲು ಬಡಿಯುವುದು ಮುಂದಿನದಕ್ಕೆ, ಹಿಂದಿನದನ್ನು ಕನ್ವರ್ಟರ್ ಸ್ವಲ್ಪ ಕಾಯುತ್ತದೆ.

ನೀವು ಕೇಳಿದ ತೊಳೆಯುವ ವಿಚಾರ: ಬೇಡ. ಪೆಟ್ರೋಲಿನಲ್ಲಿ ನೆನೆಸುವುದು, ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಕಾರ್ಬುರೇಟರ್ ಕ್ಲೀನರ್ ಹೊಡೆಯುವುದು ಯಾವುದೂ ರಂಧ್ರದೊಳಗಿನ ಗಾಜನ್ನು ತೆಗೆಯುವುದಿಲ್ಲ. ಮಸಿ ಹೇಗೂ ಉರಿಯುತ್ತಿತ್ತು, ಉಜ್ಜಿದರೆ ಪದರವೇ ಕಿತ್ತು ಬರುತ್ತದೆ. ಟ್ಯಾಂಕಿಗೆ ಹಾಕುವ ಇಂಜೆಕ್ಟರ್ ಕ್ಲೀನರ್ ಇಂಜೆಕ್ಟರಿಗೆ ಉಪಯೋಗ, ಸೆನ್ಸರಿಗಲ್ಲ.

ವಿಷವೆಂದು ಖಚಿತವಾದರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ, ತೆಳುಮಾಡುವುದು ಸಾಲದು. ಹತ್ತು ಲಕ್ಷಕ್ಕೆ 10 ಭಾಗ ಇದ್ದದ್ದು ಎರಡೂವರೆ ಭಾಗವಾದರೂ ಅದು ಇನ್ನೂ ಸಿಲಿಕಾನೇ. ತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಮುಚ್ಚಿದ ಡಬ್ಬಿಯಲ್ಲಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸ ಸೆನ್ಸರ್ ಹಾಕುವಾಗ ಕಾರಿನ ಮಾಡೆಲ್ಲಿಗೆ ಹೇಳಿದ ಪಾರ್ಟ್ ನಂಬರನ್ನೇ ತರಿಸಿ, ವೈರ್ ಕತ್ತರಿಸಿ ಜೋಡಿಸುವ ಬಗೆಯದು ಬೇಡ. ಅನೇಕ ಸೆನ್ಸರುಗಳು ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಒಳಕ್ಕೆ ಎಳೆದುಕೊಳ್ಳುತ್ತವೆ, ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕನೆಕ್ಟರಿಗೆ ಸಿಲಿಕೋನ್ ಗ್ರೀಸ್, ಸ್ಪ್ರೇ ಹೊಡೆಯಬಾರದೆನ್ನುವುದೂ ಇದೇ ಕಾರಣಕ್ಕೆ. ಬಹುತೇಕ ಸೆನ್ಸರುಗಳಿಗೆ 22 ಮಿ.ಮೀ. ಸ್ಪ್ಯಾನರ್ ಅಥವಾ ಸೀಳಿರುವ ಸಾಕೆಟ್, ಎಂ 18×1.5 ಥ್ರೆಡ್. ಪೈಪ್ ಬೆಚ್ಚಗಿರುವಾಗ ಬಿಚ್ಚಿದರೆ ಥ್ರೆಡ್ ಉಳಿಯುತ್ತದೆ. ಹೊಸದರ ಥ್ರೆಡ್ಡಿಗೆ ಆ್ಯಂಟಿ ಸೀಜ್ ಪೇಸ್ಟ್ ಕಂಪನಿಯಿಂದಲೇ ಹಚ್ಚಿ ಬಂದಿರುತ್ತದೆ, ಮತ್ತೆ ಮೆತ್ತಿದರೆ ತುದಿಗೆ ತಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಬೇರೆ ಹೇಳದಿದ್ದರೆ 40–50 ನ್ಯೂಟನ್ ಮೀಟರ್ ಬಿಗಿ ಸಾಕು. ಕೈಜಾರಿ ನೆಲಕ್ಕೆ ಬಿದ್ದ ಸೆನ್ಸರನ್ನು ಹಾಕಬೇಡಿ, ಒಳಗಿನ ಪಿಂಗಾಣಿ ಬಿರುಕು ಬಿಟ್ಟದ್ದು ಹೊರಗೆ ಕಾಣುವುದಿಲ್ಲ.

ಹೀಟರ್ ಇರುವ ಸೆನ್ಸರ್ ಸಾಮಾನ್ಯವಾಗಿ 1,60,000 ಕಿ.ಮೀ. ಹತ್ತಿರ ಬಾಳುತ್ತದೆ. ನಿಮ್ಮದು 68,000ಕ್ಕೇ ಹೋಗಿದೆ ಎಂದಾದರೆ ವಯಸ್ಸಿನ ಕಾರಣ ಹೇಳಿ ತಳ್ಳಿಹಾಕಲು ಬಿಡಬೇಡಿ. ಹೊಸದು ಹಾಕಿದ ಮೇಲೆ ಕೋಡ್ ಅಳಿಸುವ ಜೊತೆ ಫ್ಯೂಯಲ್ ಟ್ರಿಮ್ ಕೂಡ ಸೊನ್ನೆಗೆ ತರಿಸಿ. ಹಳೆಯ ಸೆನ್ಸರ್ ಕಲಿಸಿದ ತಪ್ಪು ಲೆಕ್ಕ ಇಸಿಯುನಲ್ಲಿ ಇನ್ನೂ ಕೂತಿರುತ್ತದೆ. 300–400 ಕಿ.ಮೀ. ಓಡಿದ ಮೇಲೆ ಲಾಂಗ್ ಟರ್ಮ್ ಟ್ರಿಮ್ ಮತ್ತೊಮ್ಮೆ ನೋಡಿ. ±10ರ ಒಳಗೆ ನೆಲೆಸಿದ್ದು, ಕನ್ವರ್ಟರಿನ ಕೆಲಸ ಕುಗ್ಗಿದೆ ಎನ್ನುವ ಪಿ 0420 ಕೋಡ್ ಬರದಿದ್ದರೆ ಕನ್ವರ್ಟರೂ ಉಳಿದುಕೊಂಡಿದೆ. ಅದು ಬಂದರೆ ಹಿಂದಿನ ಸೆನ್ಸರನ್ನು ಬೈಯುವ ಮುಂಚೆ ಕನ್ವರ್ಟರನ್ನು ಪರೀಕ್ಷೆ ಮಾಡಿಸಿ.